ಸಜ್ನಾಳ ಶ್ಯಾವಿಗೆ ಮಣೆ

ಬಂಟ್ವಾಳದ ಸಜ್ನಾ ಮೂಡುಬಿದಿರೆಯಲ್ಲಿ ದೇವಿಪ್ರಸಾದರ ಅಡುಗೆ ಸಲಕರಣೆ ಕಾರ್ಖಾನೆಯ ಇಂಜಿನಿಯರ್. ಬೆಳಿಗ್ಗೆ ಕಂಪ್ಯೂಟರಿನಲ್ಲಿ ಗೆರೆ ಎಳೆದು, ಸಂಜೆಗೆ ತ್ರೀಡಿ ಪ್ರಿಂಟರಿನಿಂದ ಪ್ಲಾಸ್ಟಿಕ್ ಮಾದರಿ ಇಳಿಸಿ, ಅದು ಮುರಿದಲ್ಲಿ ತಿದ್ದಿ ಮರುದಿನ ಇನ್ನೊಂದು ಇಳಿಸುವುದು ಅವಳ ಕೆಲಸ. ಮಾದರಿ ಹುಟ್ಟುವುದೇ ಮುರಿಯಲಿಕ್ಕೆ ಎನ್ನುತ್ತಿದ್ದಳು.

ಕೈಸೋತ ತಾಯಿ, ಉಮ್ಮ ಬೀಫಾತಿಮಾಗಾಗಿ ಶ್ಯಾವಿಗೆ ಒತ್ತುವ ಹಗುರ ಮಣೆಯೊಂದನ್ನು ಅವಳು ಯೋಚಿಸಿದಳು. ಮೊದಲ ಮಾದರಿಯಲ್ಲೇ ಉಮ್ಮ ಸಲೀಸಾಗಿ ನೂಲ್‌ಪುಟ್ಟು, ಅಂದರೆ ಅಕ್ಕಿ ಶ್ಯಾವಿಗೆ, ಒತ್ತಿದರು. ಸಜ್ನಾ ಅದನ್ನು ವೀಡಿಯೊ ಮಾಡಿ ಕಾರ್ಖಾನೆಯಲ್ಲಿ ತೋರಿಸಿದಳು. ಆ ವೀಡಿಯೊ ನೋಡಿದ್ದೇ ತಡ, ದೇವಿಪ್ರಸಾದ್ ಮಾದರಿಯನ್ನು ಎತ್ತಿಕೊಂಡು ಹೋಗಿ ಡೀಲರುಗಳಿಗೆ ತನ್ನದೆಂದು ತೋರಿಸಿದರು. ಸಜ್ನಾ ಕೇಳಿದ್ದಕ್ಕೆ, "ಮೆಷಿನ್ ಮಾಡಿದ್ದಲ್ವಾ ಮಾರಾಯ್ತಿ? ನಿನ್ನದು ಎಂತ ಉಂಟು ಇದರಲ್ಲಿ?" ಎಂದರು.

ಅವಳ ಮೈಯೆಲ್ಲ ಉರಿಯಿತು. ಉಮ್ಮ ಒತ್ತಿದ್ದು ಮೆತ್ತಗಿನ ಹಸಿ ಹಿಟ್ಟು, ಬೇಯಿಸುವುದು ಆಮೇಲೆ. ಊರಿನ ಹೆಚ್ಚಿನ ಮನೆಗಳಲ್ಲಿ ಮೊದಲೇ ಬೇಯಿಸಿದ ಗಟ್ಟಿ ಉಂಡೆಯನ್ನು ಬಿಸಿಬಿಸಿ ಒತ್ತುತ್ತಾರೆ. ಅದಕ್ಕೆ ಈ ಮಾದರಿಯ ಹಿಡಿ ತಾಳದು. ಎಚ್ಚರಿಸಲು ಹೊರಟಿದ್ದ ಸಜ್ನಾ ಬಾಯಿ ಮುಚ್ಚಿಕೊಂಡಳು. ಅಡುಗೆಮನೆಗೆ ಕಾಲಿಡದ ಮನುಷ್ಯ ಪರೀಕ್ಷಿಸದೆ ನೇರ ಇದಕ್ಕೇ ಅಚ್ಚು ಹಾಕಿಸಲಿ! ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ?

ಕೆಲಸ ಬಿಟ್ಟು ಮನೆಯಲ್ಲೇ ಪ್ರಿಂಟರ್ ಇಟ್ಟಳು. ಬೆಂದ ಉಂಡೆ ಹಾಕಿ ಮಾದರಿಗಳನ್ನು ಒಂದೊಂದಾಗಿ ಮುರಿದಳು. ಪ್ರತಿ ಬಿರುಕಿಗೂ ದೇವಿಪ್ರಸಾದರ ಮುಖ ನೆನೆದು ಹಿಗ್ಗಿದಳು. ಮುರಿಯದೆ ಉಳಿದದ್ದನ್ನು ಲೋಹದಲ್ಲಿ ಎರಕ ಹೊಯ್ಯಿಸಿ ಚೀಲಕ್ಕೆ ಹಾಕಿಕೊಂಡಳು.

ಬೆಳ್ತಂಗಡಿಯ ಸಭಾಭವನದಲ್ಲಿ ದೇವಿಪ್ರಸಾದರ ಮಣೆಯ ಬಿಡುಗಡೆ. ಸಜ್ನಾ ಮುಂದಿನ ಸಾಲಿನಲ್ಲೇ ಕೂತಳು. ಅಡುಗೆಯ ಧರ್ಣಪ್ಪ ಹಬೆಯಾಡುವ ಉಂಡೆ ಹಾಕಿ ಒತ್ತಿದರು. ಹಿಡಿ ಬಾಗಿತು. ಇನ್ನೊಮ್ಮೆ ಒತ್ತಿದಾಗ ಲಟ್ಟನೆ ಮುರಿದು ಕೈಗೇ ಬಂತು. ಡೀಲರುಗಳು ಮುಖ ಮುಖ ನೋಡಿಕೊಂಡರು.

ಸಜ್ನಾ ವೇದಿಕೆ ಹತ್ತಿ ತನ್ನ ಮಣೆ ಇಟ್ಟಳು. "ಇದರಲ್ಲಿ ಒತ್ತಿ ನೋಡಿ ಧರ್ಣಪ್ಪಣ್ಣ." ಎಳೆ ಎಳೆಯಾಗಿ ಶ್ಯಾವಿಗೆ ಇಳಿಯಿತು. ಮೊದಲ ತಟ್ಟೆಯನ್ನು ಅವಳು ದೇವಿಪ್ರಸಾದರ ಕೈಗೇ ಕೊಟ್ಟಳು.

"ನಿನಗೆ ಮೊದಲೇ ಗೊತ್ತಿತ್ತಾ?" ಅವರ ದನಿ ಉಡುಗಿತ್ತು.

"ಗೊತ್ತಿತ್ತು ಸರ್. ಈ ಮಣೆ ಯಾರದ್ದು, ಹೇಳಿ."

"ನಿನ್ನದು."

ಸಜ್ನಾ ಮೈಕು ಎತ್ತಿ ಅವರ ಬಾಯಿಗೆ ಹಿಡಿದಳು. "ಹಿಂದೆ ಕೂತವರಿಗೆ ಕೇಳ್ಲಿಲ್ಲ ಸರ್. ಹೆಸರು ಹಿಡಿದು ಹೇಳಿ."