ಹುಲಿಗೆಮ್ಮ ಹಚ್ಚಲಾರೆನೆಂದ ತಂತಿ

ಹುಲಿಗೆಮ್ಮನ ಎಡಗಣ್ಣು ಹೋದದ್ದು ನನ್ನಿಂದ. ತಪ್ಪು ಅವಳದೇ ಎಂದು ಬರೆದುಕೊಟ್ಟವನೂ ನಾನೇ. ಹದಿನಾರು ವರ್ಷ ಅದನ್ನು ‘ಅಪಘಾತ’ ಎಂದು ಕರೆದುಕೊಂಡು ಬಂದೆ — ಆ ಮಾತು ನೆನೆದರೆ ಈಗ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಕೊಪ್ಪಳದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಡಿಸೈನ್ ಎಂಜಿನಿಯರ್ ಆಗಿದ್ದೆ. ಸೌರಫಲಕದಿಂದ ಬರುವ ಕಡಿಮೆ ವೋಲ್ಟೇಜನ್ನು ಇನ್ನೂರರವರೆಗೆ ಏರಿಸಿ ನೀರಿನ ಪಂಪಿಗೆ ಕೊಡುವ ಪೆಟ್ಟಿಗೆಗಳನ್ನು ಮಾಡುತ್ತಿದ್ದೆವು. ಹುಲಿಗೆಮ್ಮ ಸರ್ಕ್ಯೂಟ್ ಬೋರ್ಡುಗಳಿಗೆ ಬಿಡಿಭಾಗಗಳನ್ನು ಬೆಸೆದು ಸೋಲ್ಡರ್ ಮಾಡುತ್ತಿದ್ದಳು. ಯಲಬುರ್ಗಾ ಕಡೆಯ ಕೂಲಿಯವರ ಮಗಳು, ಐಟಿಐ ಓದಿದವಳು. ನಾನು ಬರೆದ ಸರ್ಕ್ಯೂಟಿನಲ್ಲಿ ನನಗೆ ಕಾಣದ ತಪ್ಪು ಅವಳಿಗೆ ಕಾಣುತ್ತಿತ್ತು. ಅದನ್ನೇ ನಾನು ಸಹಿಸುತ್ತಿರಲಿಲ್ಲ.

ಇಂಥ ಸರ್ಕ್ಯೂಟಿಗೆ ಒಂದು ಕೆಟ್ಟ ಗುಣವಿದೆ. ಪಂಪಿಗೆ ಹೋಗುವ ತಂತಿ ಕಳಚಿದರೆ ವೋಲ್ಟೇಜ್ ಏರುತ್ತಲೇ ಹೋಗುತ್ತದೆ — ಒಳಗೆ ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್ ಸಿಡಿಯುವ ತನಕ. ಹಾಗಾಗದಂತೆ, ಮಿತಿ ಮೀರಿದೊಡನೆ ಎಲ್ಲವನ್ನೂ ನಿಲ್ಲಿಸುವ ಭಾಗವೊಂದನ್ನು ಸೇರಿಸಿದ್ದೆ. ಆದರೆ ಅದು ಕಾರಣವಿಲ್ಲದೆ ಪಂಪನ್ನು ನಿಲ್ಲಿಸುತ್ತಿತ್ತು. ಮರುದಿನ ಅಳವಂಡಿ ಊರಿನಲ್ಲಿ ಪಂಪಿನ ಪ್ರದರ್ಶನವಿತ್ತು. ದೋಷ ಎಲ್ಲಿದೆಯೆಂದು ನನಗೆ ಹೊಳೆಯಲಿಲ್ಲ. ಹೊಳೆಯುತ್ತಿಲ್ಲ ಎಂದು ಮಾಲೀಕರಿಗೆ ಹೇಳಲು ನಾಲಗೆ ಏಳಲಿಲ್ಲ. ಒಂದು ತುಂಡು ತಂತಿ ಹಚ್ಚಿ ಆ ಭಾಗವನ್ನೇ ತಪ್ಪಿಸಿಬಿಡು ಎಂದು ಅವಳಿಗೆ ಹೇಳಿದೆ.

“ನಾ ಹಚ್ಚಂಗಿಲ್ರಿ ಸರ. ವೈರ್ ಕಳಚಿತಂದ್ರ ಸಿಡಿತೈತ್ರಿ ಅದು.”

“ನಿನಗೇನ್ ಗೊತ್ತೈತಿ? ಸೋಲ್ಡರ್ ಮಾಡಾಕಿ ನೀ!”

ನಾನೇ ಹಚ್ಚಿದೆ.

ಅಳವಂಡಿಯಲ್ಲಿ ಪಂಪು ಅರ್ಧ ಗಂಟೆ ಚೆನ್ನಾಗಿಯೇ ಓಡಿತು. ಜನ ನೀರು ನೋಡುತ್ತ ಪೈಪಿನ ಬಳಿ ನಿಂತಿದ್ದರು. ಪಂಪಿನ ತಂತಿ — ಅದರ ತಿರುಪನ್ನು ಬಿಗಿದವನೂ ನಾನೇ — ಅದುರಿ ಸಡಿಲಾಗಿತ್ತು. ತೆರೆದಿಟ್ಟ ಪೆಟ್ಟಿಗೆಯೊಳಗೆ ಚಿಟಚಿಟ ಸದ್ದು ಕೇಳಿ ಹುಲಿಗೆಮ್ಮ ಸ್ವಿಚ್ಚು ಆರಿಸಲು ಬಾಗಿದಳು. ಸಿಡಿಯಿತು.

ಎಲ್ಲರೂ ಅವಳನ್ನು ಜೀಪಿನತ್ತ ಹೊತ್ತು ಓಡುತ್ತಿದ್ದರು. ನಾನು? ಕಟರ್ ತೆಗೆದು ಹಿಂದಿನ ದಿನ ನಾನು ಹಚ್ಚಿದ್ದ ತಂತಿಯ ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅವಳ ಚೀರಾಟ ಕೇಳುತ್ತಲೇ ಇತ್ತು.

“ಚಾಲೂ ಇದ್ದಾಗನ ವೈರ್ ಬಿಚ್ಚಿದಳ್ರಿ,” ಎಂದೆ ಮಾಲೀಕರಿಗೆ. ಕೆಲಸ ಗೊತ್ತಿಲ್ಲದವಳು ಎಂದೂ ಸೇರಿಸಿ ಹಾಗೆಯೇ ಬರೆದೂ ಕೊಟ್ಟೆ. ಎಷ್ಟು ಸಲೀಸಾಗಿ ನಂಬಿದರು! ಅವಳನ್ನು ಒಂದು ಮಾತು ಕೇಳಲಿಲ್ಲ. ಕೇಳುವುದಿಲ್ಲವೆಂದು ಗೊತ್ತಿದ್ದೇ ನಾನು ಹೇಳಿದ್ದು. ಬ್ಯಾಂಡೇಜು ಬಿಚ್ಚುವ ಮೊದಲೇ ಅವಳನ್ನು ಕೆಲಸದಿಂದ ತೆಗೆದರು.

ಕಳೆದ ತಿಂಗಳು ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಎದುರಾದಳು. ನಾನು ಏನೋ ತೊದಲಿದೆ — ತಪ್ಪಾಯಿತು, ಅಂದು ಹೆದರಿದ್ದೆ, ಎಂದೆಲ್ಲ. ಅವಳು ಅಲ್ಲಿಗೇ ತಡೆದಳು.

“ಕಣ್ಣ ಹೋತು, ಅದು ಬರಂಗಿಲ್ರಿ. ಆದ್ರ ಕೆಲ್ಸ ಬರಲಾರದಾಕಿ ಅಂತ ಬರದ್ರಲ್ಲ? ಆಮ್ಯಾಲೆ ಎಲ್ಲಿ ಹೋದ್ರೂ ಯಾರೂ ನನಗ ಬೋರ್ಡ್ ಮುಟ್ಟಾಕ ಬಿಡಲಿಲ್ಲ. ಮೊದ್ಲ ಅದನ್ನ ಅಳಸ್ರಿ.”

ಅಷ್ಟೇ. ಬಸ್ಸು ಹತ್ತಿ ಹೋದಳು.

ನಿನ್ನೆ ಮಾಲೀಕರ ಮನೆಗೆ ಹೋಗಿ ಎಲ್ಲ ಹೇಳಿದೆ. “ಈಗ್ಯಾಕ್ರಿ ಹಳೇದನ್ನ ಕೆದಕ್ತೀರಿ?” ಎಂದರು. ಹೊಸ ಹೇಳಿಕೆಯನ್ನು ಅವರ ಮುಂದಿಟ್ಟು ಬಂದೆ. ಒಂದು ಪ್ರತಿಯನ್ನು ಅವಳ ಊರಿನ ವಿಳಾಸಕ್ಕೂ ಕಳಿಸಿದ್ದೇನೆ. ಕ್ಷಮಿಸು ಎಂದು ಅದರಲ್ಲಿ ಬರೆದಿಲ್ಲ. ಅವಳಿಗೆ ಕೆಲಸ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ — ಅದನ್ನು ಮಾತ್ರ ಬರೆದಿದ್ದೇನೆ.