ಒಂದು ಚರ್ಮಕ್ಕೆ ಒಂದು ಜೊತೆ

ಆರ್ಡಿಸ್‌ಗೆ ಬೆಲೆ ಹೇಳಲು ಬರುತ್ತಿರಲಿಲ್ಲ. ಕೈಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ, ಬಾಯಿ ಮಾತ್ರ ದುಡ್ಡಿನ ಮಾತು ಬಂದರೆ ಕಟ್ಟಿಹೋಗುತ್ತಿತ್ತು.

ಹಿಮದ ಮೇಲೆ ಓಡುವ ಗಾಡಿಗಳಿಗೆ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ಇಪ್ಪತ್ತೆರಡು ವರ್ಷ ದುಡಿದೆವು. ಅದು ಬಾಗಿಲು ಹಾಕಿದಾಗ ನಾನು ಮನೆಯಲ್ಲಿ ಅಳುತ್ತ ಕೂತೆ. ಅವಳು ತೀರಿಹೋದ ಗಂಡನ ದೋಣಿ ಮಾರಿ, ಕೂಡಿಟ್ಟದ್ದನ್ನೆಲ್ಲ ಸೇರಿಸಿ, ಕಾರಿನ ಶೆಡ್ಡಿನಲ್ಲಿ ಎರಡು ಹಳೇ ಹೊಲಿಗೆ ಮಿಷನ್ ಹಾಕಿ ಜಿಂಕೆ ಚರ್ಮದ ಕೈಗವಸು ಹೊಲಿಯತೊಡಗಿದಳು. "ಬ್ಯಾಂಕಿನವರ ಮುಂದೆ ಕೈಯೊಡ್ಡಲ್ಲ ಕಣೇ ವರ್ನಾ" ಅಂದಳು. ಒಳಗಿನ ಉಣ್ಣೆಯ ಪದರ ಹೊಲಿಯಲು ನಾನು ಹೋಗುತ್ತಿದ್ದೆ. ಶುಕ್ರವಾರ ಬಂದರೆ ನನ್ನ ಕೂಲಿ ತಪ್ಪುತ್ತಿರಲಿಲ್ಲ. ತನ್ನ ಕೂಲಿಯನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ.

ಮಿನೆಸೋಟದ ನಮ್ಮ ಕಡೆ ನವೆಂಬರಿನಲ್ಲಿ ಬೇಟೆಗಾರರು ಚರ್ಮ ತರುತ್ತಾರೆ. ಅದನ್ನು ಹದ ಮಾಡುವವರಿಗೆ ಕಳಿಸಿ, ಮೆತ್ತಗಾಗಿ ವಾಪಸ್ ಬರುವಷ್ಟರಲ್ಲಿ ಹಿಮ ಕರಗಿರುತ್ತದೆ. ಬೇಸಿಗೆಯೆಲ್ಲ ಹೊಲಿದದ್ದು ಮತ್ತೆ ಚಳಿ ಬಿದ್ದ ಮೇಲೇ ಮಾರಾಟ. ಹಾಕಿದ ದುಡ್ಡು ಮುಖ ತೋರಿಸಲು ವರ್ಷ ಬೇಕು. ಅಲ್ಲಿಯವರೆಗೆ ಹೊಟ್ಟೆ ಕಾಯುತ್ತದೆಯೇ?

ಸಾಲದ್ದಕ್ಕೆ ಅವಳ ತಾತನ ಕಾಲದ ಪದ್ಧತಿ ಬೇರೆ: ಬೇಟೆಗಾರ ಒಂದು ಚರ್ಮ ತಂದರೆ ಒಂದು ಜೊತೆ ಕೈಗವಸು ಕೊಡಬೇಕು. ಆಗ ಚರ್ಮಕ್ಕೆ ಬೆಲೆಯಿತ್ತು. ಈಗ ಹಸಿ ಚರ್ಮಕ್ಕೆ ಐದು ಡಾಲರ್, ಒಂದು ಜೊತೆ ಹೊಲಿಯಲು ನಲವತ್ತು ಖರ್ಚು, ಮಾರುವುದು ಅರವತ್ತಕ್ಕೆ. ಆದರೂ ಈ ಪುಣ್ಯಾತ್ಗಿತ್ತಿ ಕೊಡುತ್ತಲೇ ಇದ್ದಳು.

ಮೂರನೆಯ ನವೆಂಬರಿನಲ್ಲಿ ಅರವತ್ತು ಚರ್ಮ ಉಪ್ಪು ಹಚ್ಚಿಸಿಕೊಂಡು ಕೂತಿದ್ದವು. ಹದ ಮಾಡುವವರು ಎರಡು ಸಾವಿರದ ನಾನೂರು ಡಾಲರ್ ಮುಂಗಡ ಕೇಳಿದರು. ಅವಳ ಬಳಿ ಇದ್ದದ್ದು ಸಾವಿರದ ಆರುನೂರು. ಚರ್ಮ ಕಳಿಸದಿದ್ದರೆ ಮುಂದಿನ ವರ್ಷ ಹೊಲಿಯಲು ಏನೂ ಇಲ್ಲ, ಶೆಡ್ಡಿಗೆ ಬೀಗ.

"ನೀನು ಅಂಗಡಿ ಇಟ್ಟಿದೀಯೋ, ಧರ್ಮಛತ್ರ ಇಟ್ಟಿದೀಯೋ?" ಅಂದೆ.

"ಕೊಡಲ್ಲ ಅಂದ್ರೆ ಬೇಜಾರ್ ಮಾಡ್ಕೋತಾರೆ ಕಣೇ. ಎಲ್ಲಾ ಅಪ್ಪನ ಜೊತೆ ಬೇಟೆಗೆ ಹೋದೋರು."

"ನೀನು ಸುಮ್ನಿರು, ನಾನು ಬರೀತೀನಿ." ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಹಚ್ಚಿದೆ: ಚರ್ಮ ತಂದವರಿಗೆ ಕೈಗವಸಿನ ಬೆಲೆಯಲ್ಲಿ ಐದು ಡಾಲರ್ ಕಡಿಮೆ. ಬದಲಿಗೆ ಕೈಗವಸು ಇಲ್ಲ.

ಮೊದಲು ಬಂದವನೇ ಮುದುಕ ವೆಂಡೆಲ್, ಅವಳ ಅಪ್ಪನ ಜೀವದ ಗೆಳೆಯ. ಓದಿದ. ಚರ್ಮ ಇಳಿಸಿದ. ಬಂದ ಹಾಗೇ ಹೊರಟುಹೋದ. ಆರ್ಡಿಸ್ ಕಣ್ಣಲ್ಲಿ ನೀರು ತಂದುಕೊಂಡು, "ನೋಡಿದ್ಯಾ?" ಅಂದಳು. ನನಗೂ ಬರೆದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಗಂಟೆ ಕಳೆದು ಅವನು ಒಂದು ಚೀಲ ಹಿಡಿದು ವಾಪಸ್ ಬಂದ. ಮೇಜಿನ ಮೇಲೆ ಸುರಿದ. ಐದು ಜೊತೆ ಕೈಗವಸು, ಬೆಲೆ ಚೀಟಿ ಕೂಡ ಕಿತ್ತಿರಲಿಲ್ಲ.

"ಮಾರ್ಕೋ, ತಾಯಿ. ನಂಗಿರೋದು ಎರಡೇ ಕೈ. ಬೇಡ ಅಂದ್ರೆ ನೊಂದ್ಕೋತೀಯ ಅಂತ ಇಸ್ಕೊಂಡಿದ್ದೆ."

"ಅಯ್ಯೋ, ಕೊಡದಿದ್ರೆ ನೀವು ನೊಂದ್ಕೋತೀರ ಅಂತ ನಾನು..."

"ನಾನ್ಯಾವಾಗ ಕೇಳಿದ್ದೆ?"

ಇಬ್ಬರ ಸಂಕೋಚದಲ್ಲಿ ಮುನ್ನೂರು ಡಾಲರಿನ ಮಾಲು ಅವನ ಕಪಾಟಿನಲ್ಲಿ ಕೊಳೆಯುತ್ತಿತ್ತು. ನನಗೆ ನಗುವೂ ಬಂತು, ಇಬ್ಬರ ಕಿವಿ ಹಿಂಡುವಷ್ಟು ಸಿಟ್ಟೂ ಬಂತು.

ಆಗ ಆರ್ಡಿಸ್ ಅವನ ಕೈ ನೋಡಿದಳು. ಅವನು ತೊಟ್ಟಿದ್ದ ಸವೆದ ಜೊತೆ ಅವಳ ಮೊದಲ ಹೊಲಿಗೆ. ಎರಡೂ ಎಡಗೈಯವೇ.

"ಮೂರು ಚಳಿಗಾಲ ಇದನ್ನೇ ಹಾಕ್ಕೊಂಡ್ರಾ? ಹೇಳ್ಬಾರ್ದಿತ್ತಾ?"

"ಬೆಚ್ಚಗಿದೆ, ಬಿಡು. ಇದನ್ನ ಮಾತ್ರ ಕೊಡಲ್ಲ. ಮೊಮ್ಮಗಳಿಗೆ ಒಂದು ಸಣ್ಣ ಜೊತೆ ಬೇಕು. ಎಷ್ಟು?"

ಅವಳು ನನ್ನತ್ತ ನೋಡಿದಳು. ನಾನು ಬೇಕೆಂದೇ ಉಣ್ಣೆಯೊಳಗೆ ತಲೆ ಹುದುಗಿಸಿದೆ. ಪುಕ್ಕಟೆ ಕೊಟ್ಟೇಬಿಡುತ್ತಾಳೆ ಅಂದುಕೊಂಡೆ.

"ಐವತ್ತೈದು," ಅಂದಳು. "ಚರ್ಮ ತಂದಿದೀರಲ್ಲ, ಐದು ಕಳೆದೆ."

ವೆಂಡೆಲ್ ಮೂರು ಇಪ್ಪತ್ತರ ನೋಟು ಕೊಟ್ಟು, ಚಿಲ್ಲರೆ ಎಣಿಸಿ ಇಸಿದುಕೊಂಡು, ನಗುತ್ತ ಹೋದ. ನಾನು ಒಂದು ಇಪ್ಪತ್ತನ್ನು ಎತ್ತಿ ಅವಳ ಏಪ್ರನ್ನಿನ ಜೇಬಿಗೆ ತುರುಕಿದೆ.

"ಏನೇ ಇದು?"

"ನಿನ್ನ ಕೂಲಿ."

ಅವಳು ಜೇಬಿನ ಮೇಲೊಮ್ಮೆ ಕೈಯಿಟ್ಟು, ಮತ್ತೆ ಹೊಲಿಗೆಗೆ ಕೂತಳು. ಆ ವಾರ ಇದ್ದ ದುಡ್ಡಿಗೆ ಆಗುವಷ್ಟೇ, ಅರವತ್ತರಲ್ಲಿ ನಲವತ್ತು ಚರ್ಮ ಹದಕ್ಕೆ ಕಳಿಸಿದೆವು. ಆ ಇಪ್ಪತ್ತನ್ನು ಮಾತ್ರ ಆ ಮುಂಗಡಕ್ಕೆ ಸೇರಿಸಲು ನಾನು ಬಿಡಲಿಲ್ಲ.