ಸಂಜೆ ಬ್ಯಾಚಿನ ತರ್ಕದ ಮೇಷ್ಟ್ರು

ಅವರ ಬಲ ಅಂಗೈ ಬಹಳ ಅಗಲ, ಕಿರುಬೆರಳು ಗೆಣ್ಣಿನಲ್ಲಿ ಹೊರಕ್ಕೆ ಸೊಟ್ಟಗಾಗಿತ್ತು. ನಾನು ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಆ ಕೈ ಬಂದು ಪುಟದ ಕೆಳಗಿನ ಅರ್ಧದ ಮೇಲೆ ಕೂತುಬಿಡುತ್ತಿತ್ತು. ಐದು ಆಯ್ಕೆಗಳೂ ಕೈಯಡಿಯಲ್ಲಿ ಮಾಯ. “ಮೊದ್ಲು ನಿನ್ನ ಬಾಯಲ್ಲಿ ಹೇಳು, ಈ ವಾದದಲ್ಲಿ ಏನು ಬಿಟ್ಟೋಗಿದೆ ಅಂತ. ಆಮೇಲೆ ಪುಸ್ತಕದೋನು ಕೊಟ್ಟಿರೋದನ್ನ ನೋಡೋಣ” ಅನ್ನುತ್ತಿದ್ದರು. ಸೊಟ್ಟ ಬೆರಳಿನ ಸಂದಿಯಲ್ಲಿ ಇಣುಕಿದರೆ ಗದರಿಕೆ ಬೀಳುತ್ತಿತ್ತು.

ಮೈಸೂರಿನಿಂದ ಚೆನ್ನೈಗೆ ಬಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದ ನನಗೆ ಎಂಬಿಎ ಓದುವ ಹುಚ್ಚು ಹಿಡಿದಿತ್ತು. ಪ್ರವೇಶ ಪರೀಕ್ಷೆಯಲ್ಲಿ ಕ್ರಿಟಿಕಲ್ ರೀಸನಿಂಗ್ ಎಂಬುದೊಂದು ಭಾಗ. ನಾಲ್ಕು ಸಾಲಿನ ಒಂದು ವಾದ ಕೊಟ್ಟು, ಅದರ ಬುಡ ಎಲ್ಲಿ ಸಡಿಲ ಎಂದು ಕೇಳುತ್ತಾರೆ. ಅಲ್ಲೇ ನಾನು ಸೋಲುತ್ತಿದ್ದೆ. ಹಾಗಾಗಿ ಗಿಂಡಿ ಬಡಾವಣೆಯ ಒಂದು ಕೋಚಿಂಗ್ ಕೇಂದ್ರದ ಸಂಜೆ ಬ್ಯಾಚಿಗೆ ಸೇರಿದೆ. ಅಲ್ಲಿ ಅದನ್ನು ಹೇಳಿಕೊಡುತ್ತಿದ್ದವರು ಇವರು.

ಮೇಷ್ಟ್ರು ಹಾಸನದ ಕಡೆಯವರು. ನಲವತ್ತು ವರ್ಷದಿಂದ ಇದೇ ಊರು. ರೈಲ್ವೆಯಲ್ಲಿ ಅಪಘಾತಗಳ ವಿಚಾರಣೆ ನಡೆಸುವ ವಿಭಾಗದಲ್ಲಿದ್ದು ನಿವೃತ್ತರಾಗಿದ್ದರು. ನಾವು ಏನಾದರೂ ಹೇಳಿ ನಿಲ್ಲಿಸಿದರೆ ಸಾಕು, “ಅಪ್ಪುರಂ?” ಎಂದು ತಮಿಳಿನಲ್ಲಿ ಕೇಳುವರು. ಆಮೇಲೆ? ಆಮೇಲೇನು? ಹೇಳಲು ಏನೂ ಉಳಿಯದೆ ನಾವು ಬಾಯಿ ಮುಚ್ಚುವವರೆಗೂ ಅದೇ.

ಒಮ್ಮೆ ತಮ್ಮ ಹಳೆಯ ಕೆಲಸದ ವಿಷಯ ಹೇಳಿದರು. “ಗೇಟು ತೆರೆದಿತ್ತು, ಗೇಟ್‌ಮನ್ ಅಲ್ಲೇ ಇದ್ದ, ಹಂಗಾಗಿ ತಪ್ಪು ಅವನದೇ. ಇಷ್ಟು ಬರೆದು ಒಬ್ಬನ ಕೆಲಸ ತೆಗೆಯೋಕೆ ಹೊರಟಿದ್ರಮ್ಮ. ರೈಲು ಬರೋದು ತಿಳಿಸೋ ಅವನ ಫೋನು ಕೆಟ್ಟು ಮೂರು ದಿನ ಆಗಿತ್ತು. ಕೇಳಿದೋರೇ ಇಲ್ಲ!” ಹೇಳುತ್ತಾ ಆ ಅಗಲ ಕೈಯಿಂದ ಮೇಜಿನ ಮೇಲೊಂದು ಬಡಿದರು. ನನಗೋ ಗಡಿಯಾರದ ಮೇಲೆ ಕಣ್ಣು. ಪ್ರಶ್ನೆಗೆ ಎರಡು ನಿಮಿಷ ಸಿಗುವ ಪರೀಕ್ಷೆ ಅದು. ಇವರು ಎರಡು ಗಂಟೆಯಲ್ಲಿ ನಾಲ್ಕೇ ಪ್ರಶ್ನೆ ಮಾಡಿಸುತ್ತಿದ್ದರು.

ಒಂದು ಸಂಜೆ ಪುಸ್ತಕ ಮಡಚಿಟ್ಟು, ಕೇಂದ್ರದ ಬಾಗಿಲಲ್ಲಿ ನೇತುಹಾಕಿದ್ದ ಜಾಹೀರಾತನ್ನೇ ಬೋರ್ಡಿನ ಮೇಲೆ ಬರೆದರು. ‘ನಮ್ಮಲ್ಲಿ ಓದಿ ಸೀಟು ಪಡೆದವರಲ್ಲಿ ಹೆಚ್ಚಿನವರು ಸಂಜೆ ಬ್ಯಾಚಿನವರು. ನಿಮಗೂ ಸೀಟು ಬೇಕೇ? ಸಂಜೆ ಬ್ಯಾಚಿಗೆ ಸೇರಿ.’ ಬರೆದು, “ಎಲ್ಲಿ ಸಡಿಲ, ಹೇಳಿ” ಅಂದರು. ಹಿಂದಿನ ಬೆಂಚಿನ ತಮಿಳು ಹುಡುಗಿಯೊಬ್ಬಳು, “ಸಾರ್, ಬೆಳಗಿನ ಬ್ಯಾಚಿನಲ್ಲಿ ಇರುವುದೇ ಆರು ಜನ!” ಎಂದಳು. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಮೇಷ್ಟ್ರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತಾಗ ನೋಡಿದರೆ ಬಾಗಿಲಲ್ಲಿ ಕೇಂದ್ರದ ಮಾಲೀಕ ನಿಂತಿದ್ದ.

ಅಲ್ಲ, ನೀವೇ ಹೇಳಿ. ವಾದದಲ್ಲಿ ಹುಳುಕು ಹುಡುಕುವುದನ್ನು ಕಲಿಸಿ ಎಂದು ಮೇಷ್ಟ್ರನ್ನು ಕರೆತಂದವರೂ ಈ ಕೇಂದ್ರದವರೇ, ಕಲಿಸಿದರೆಂದು ಮುಖ ಊದಿಸಿಕೊಂಡವರೂ ಇವರೇ! ಈಗಲೂ ನೆನೆದರೆ ಮೈ ಉರಿಯುತ್ತದೆ. ನಿಮ್ಮ ಜಾಹೀರಾತು ತಪ್ಪಾಗಿದ್ದರೆ ಅದನ್ನು ತಿದ್ದಿ, ಮಹಾರಾಯರೇ. ತಪ್ಪು ತೋರಿಸಿದ ಮುದುಕರನ್ನು ಮನೆಗೆ ಕಳಿಸುವುದು ಯಾವ ಸೀಮೆಯ ನ್ಯಾಯ?

ಅಷ್ಟು ಧೈರ್ಯವಾಗಿ ಕಳಿಸಿದ್ದರೂ ಒಂದು ಮಾತಿತ್ತು. ಆ ಮಾಲೀಕನಿಗೆ ಆ ಧೈರ್ಯವೂ ಇರಲಿಲ್ಲ. ವಿದ್ಯಾರ್ಥಿಗಳೇ ಬೇಡವೆಂದರು ಎಂದು ತೋರಿಸಬೇಕಿತ್ತು ಅವನಿಗೆ. ವಾರದೊಳಗೆ ನನ್ನನ್ನು ತನ್ನ ಕೋಣೆಗೆ ಕರೆಸಿ ಒಂದು ಟೈಪಾದ ಹಾಳೆ ಮುಂದಿಟ್ಟ. ‘ನಮ್ಮ ಬ್ಯಾಚಿನ ಪಾಠ ನಿಧಾನ. ಹಲವರ ಅಂಕ ಏರಿಲ್ಲ. ಆದ್ದರಿಂದ ಈ ಶಿಕ್ಷಕರು ಅಸಮರ್ಥರು.’ “ನೀವು ಅವರ ಭಾಷೆಯವರು. ನೀವೇ ಮೊದಲು ಸಹಿ ಹಾಕಿದರೆ ಯಾರೂ ಹೊರಗಿನವರೆಂದು ತೆಗೆದರು ಅನ್ನುವುದಿಲ್ಲ. ಹೊಸ ಟ್ರೈನರ್ ಬರುತ್ತಾರೆ, ನಿಮ್ಮ ಅಂಕಕ್ಕೆ ನಾನು ಜವಾಬ್ದಾರ” ಎಂದ.

ಹಾಕಿದೆ. ಬೈಯುವುದಾದರೆ ನನ್ನನ್ನೂ ಸೇರಿಸಿ ಬೈಯಬೇಕು. ಆ ಮಾಲೀಕನಿಗೆ ಮೇಷ್ಟ್ರ ಮೇಲೆ ಸಿಟ್ಟಾದರೂ ಇತ್ತು. ನನಗೇನು ಬಂದಿತ್ತು ಧಾಡಿ? ಅಂಕದ ಆಸೆ, ಅಷ್ಟೇ. ನನ್ನ ಹೆಸರು ನೋಡಿ ಉಳಿದವರೂ ಸಾಲಾಗಿ ಹಾಕಿದರು. ಮುಂದಿನ ಸೋಮವಾರ ಮೇಷ್ಟ್ರು ಬರಲಿಲ್ಲ.

ಬಂದ ಹೊಸ ಟ್ರೈನರ್ ಆಯ್ಕೆಗಳಲ್ಲಿ ‘ಎಲ್ಲ’, ‘ಎಂದೂ ಇಲ್ಲ’ ಎಂಬ ಪದ ಕಂಡರೆ ಕಣ್ಣುಮುಚ್ಚಿ ಹೊಡೆದುಹಾಕಿ ಎಂದು ಕಲಿಸಿದ. ನನ್ನ ಅಂಕ ಇನ್ನೂ ಇಳಿಯಿತು. ಹೀಗಿರುವಾಗ ಒಂದು ದಿನ ಪೋರೂರಿನ ತರಕಾರಿ ಅಂಗಡಿಯಲ್ಲಿ ಮೇಷ್ಟ್ರು ಎದುರಾದರು. ಅವರ ಮನೆ ನನ್ನ ಬಾಡಿಗೆ ಮನೆಯಿಂದ ಎರಡೇ ಬೀದಿ. ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ಬೆಂಡೆಕಾಯಿ ಆರಿಸುತ್ತಲೇ, “ಏನಮ್ಮಾ, ಓದು ಹೆಂಗ್ ನಡೀತಿದೆ?” ಎಂದರು. ನನ್ನ ಸಪ್ಪೆ ಮುಖ ನೋಡಿ, “ಭಾನುವಾರ ಮನೆಗೆ ಬಾ. ಕಾಫಿ ಕುಡ್ದು ನಾಲ್ಕು ಪ್ರಶ್ನೆ ನೋಡೋಣ. ನಾಲ್ಕೇ ಮತ್ತೆ!” ಎಂದು ನಕ್ಕರು.

ಐದು ತಿಂಗಳು ಒಂದು ಭಾನುವಾರವೂ ತಪ್ಪಿಸದೆ ಹೋದೆ. ಅವರ ಮನೆಯಾಕೆ ಕಾಫಿ ಲೋಟ ತಂದು ಮೇಜಿನ ಮೇಲಿಟ್ಟು, ಮಾತಿಲ್ಲದೆ ಒಳಗೆ ಹೋಗುತ್ತಿದ್ದರು. ಅವರ ಸ್ವಭಾವವೇ ಹಾಗೆ ಅಂದುಕೊಂಡಿದ್ದೆ. ಪ್ರತಿ ವಾರವೂ ಸಹಿಯ ವಿಷಯ ಇವತ್ತು ಹೇಳಿಬಿಡಬೇಕೆಂದು ಹೊರಡುತ್ತಿದ್ದೆ. ಹೇಳಿದರೆ ಪಾಠ ನಿಂತೀತೆಂದು ನುಂಗಿಕೊಂಡು ಬರುತ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ಹೇಳೋಣ, ಫಲಿತಾಂಶ ಬಂದ ಮೇಲೆ ಹೇಳೋಣ ಎಂದು ಮುಂದೂಡಿದೆ.

ಫಲಿತಾಂಶ ಬಂತು. ಸೀಟೂ ಸಿಕ್ಕಿತು. ಫೋನಿನಲ್ಲಿ ತಿಳಿಸಿದಾಗ “ಶಭಾಷ್! ಅಪ್ಪುರಂ?” ಎಂದರು. ಭಾನುವಾರ ಬಂದು ಎಲ್ಲ ಹೇಳುತ್ತೇನೆ ಸರ್ ಎಂದೆ. ಶುಕ್ರವಾರ ಬೆಳಿಗ್ಗೆ ಸ್ನಾನಕ್ಕೆಂದು ಹೊರಟವರು ಕುಸಿದು ಬಿದ್ದರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ಕರ್ಮಾಂತರವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಅವರ ಮನೆಯಾಕೆ ಮೊದಲ ಬಾರಿಗೆ ನನ್ನೆದುರು ಕೂತು ಮಾತಾಡಿದರು.

“ಆ ಕಾಗದದ ನಕಲು ಇವರಿಗೂ ಕೊಟ್ಟಿದ್ರು ಕಣಮ್ಮ. ಮೊದಲನೇ ಸಹಿ ನಿಂದೇ. ಇಂಥವಳನ್ನ ಮನೆಗೆ ಕರೀತೀರಾ, ಇವಳಿಗೆ ನಾನು ಕಾಫಿ ಕಾಸಿ ಕೊಡ್ಬೇಕಾ ಅಂತ ಉರಿದುಬಿದ್ದೆ. ಇವರು ನಕ್ಕುಬಿಟ್ರು. ‘ಓದ್ದೇ ಹಾಕಿರ್ತಾಳೆ ಕಣೇ. ಆ ಮೂರು ಸಾಲು ಓದಿದ್ರೆ ನನ್ನ ಹತ್ರ ಕಲ್ತೋಳು ಸಹಿ ಹಾಕ್ತಾಳಾ? ಹುಡುಗಿ ಅವಸರದಲ್ಲಿದ್ಲು, ಅಷ್ಟೇ’ ಅಂದ್ರು. ಕೊನೇವರೆಗೂ ಅದನ್ನೇ ನಂಬಿದ್ರು.”

ಇನ್ನೊಬ್ಬರ ವಾದದಲ್ಲಿ ಬಿಟ್ಟುಹೋದದ್ದನ್ನು ಜನ್ಮವಿಡೀ ಹುಡುಕಿದ ಮನುಷ್ಯ ನನ್ನ ವಿಷಯದಲ್ಲಿ ಹುಡುಕಲೇ ಇಲ್ಲ. ಹೌದು ಅಮ್ಮ, ಓದಿರಲಿಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗಂಟಲವರೆಗೆ ಬಂದಿತ್ತು ಆ ಮಾತು.

“ಓದಿದ್ದೆ ಅಮ್ಮ,” ಎಂದೆ. “ಎರಡು ಸಲ ಓದಿದ್ದೆ. ಅದು ತಪ್ಪು ಅಂತ ಗೊತ್ತಿದ್ದೇ ಹಾಕಿದೆ.”

ಆಕೆ ಎದ್ದು ನಿಂತರು.

“ಸದ್ಯ, ಇದನ್ನ ಅವರಿಗೆ ಹೇಳ್ಲಿಲ್ವಲ್ಲ ನೀನು” ಎಂದರು.